ಕಿಸೆಯೊಳಗಿನ ಸಾಲು

ಕುರುಗೋಡಿನ ನೀಲಾವತಿಯನ್ನು ಮಾಲು ನೋಡುವ ಕಣ್ಣಿಂದ ಅಳೆದರೆ ಹೀಗೆ ಹೇಳಬಹುದು: ಗಾತ್ರ ಸಣ್ಣದು, ಹೊಲಿಗೆ ಗಟ್ಟಿ, ಬಣ್ಣ ಮಾಸಿದ್ದರೂ ಹರಿಯುವ ಬಟ್ಟೆಯಲ್ಲ. ಕುಂದು ಒಂದೇ, ಹೆದರಿಕೆ. ಮಾಲೀಕ ಕೆಮ್ಮಿದರೂ ಅವಳ ಕಾಲು ಹೊಲಿಗೆ ಯಂತ್ರದ ಪೆಡಲ್ ಮೇಲಿಂದ ಜಾರುತ್ತಿತ್ತು.

ಆ ಮಾಲೀಕ ಯರ್ರಿಸ್ವಾಮಿ. ಬಳ್ಳಾರಿ ಗಾಂಧಿನಗರದ ಹಿಂದಿನ ಗಲ್ಲಿಯಲ್ಲಿ ಅವನ ಜೀನ್ಸ್ ಯೂನಿಟ್ಟು. ಅಲ್ಲಿ ಒಂಬತ್ತು ವರ್ಷದಿಂದ ನೀಲಾವತಿಯದು ಕಿಸೆ ಹೊಲಿಯುವ ಕೆಲಸ. ಪಕ್ಕದ ಯಂತ್ರದಲ್ಲಿ ತಮ್ಮ ಹುಲುಗೇಶ್ ಝಿಪ್ ಕೂಡಿಸುತ್ತಿದ್ದ. ಅವನು ರ‍್ಯಾಪ್ ಹಾಡುವವ. ಯಂತ್ರದ ಟಕಟಕಕ್ಕೆ ಮಾತು ಕೂಡಿಸಿ, ಊಟದ ಬಿಡುವಿನಲ್ಲಿ ಫೋನಿನ ಮುಂದೆ ನಿಂತು ಹಾಡುತ್ತಿದ್ದ. ನಾಲ್ಕು ಹಾಡು ಯೂಟ್ಯೂಬಿಗೆ ಹೋದವು. ಎರಡು ವರ್ಷದ ಹಿಂದೆ, ಇಪ್ಪತ್ತೆರಡು ತುಂಬುವ ಮೊದಲೇ, ಕುಡತಿನಿ ರಸ್ತೆಯಲ್ಲಿ ವಿದ್ಯುತ್ ಸ್ಥಾವರದ ಬೂದಿ ಸಾಗಿಸುವ ಲಾರಿಗೆ ಸಿಕ್ಕು ಸತ್ತ. ಹಾಡದೆ ಉಳಿದ ಸಾಲುಗಳು ಒಂದು ನೋಟ್‌ಬುಕ್ಕಿನಲ್ಲಿದ್ದವು.

ಕೆಲ ತಿಂಗಳ ಮೇಲೆ ನೀಲಾವತಿ ದಿನಕ್ಕೊಂದು ಸಾಲನ್ನು, ತೊಳೆದರೂ ಹೋಗದ ಪೆನ್ನಿನಿಂದ, ಕಿಸೆಯ ಒಳಬಟ್ಟೆಗೆ ಬರೆದು ಗುಟ್ಟಾಗಿ ಹೊಲಿಯತೊಡಗಿದಳು. ಪ್ಯಾಂಟು ಹೋದಲ್ಲಿಗೆ ತಮ್ಮನೂ ಹೋಗುತ್ತಾನೆಂದು ಅವಳ ನಂಬಿಕೆ. ಕೆಲಸ ಹೋದರೆ ಕಿಸೆಗಳೂ ಹೋದಂತೆ. ಅದಕ್ಕೇ ಯಾರ ನೆರಳು ಬಿದ್ದರೂ ಬರೆದ ಬಟ್ಟೆಯನ್ನು ಮಗುಚಿ ಹಾಕುತ್ತಿದ್ದಳು.

ಅಂಥ ಒಂದು ಪ್ಯಾಂಟು ಸಿರುಗುಪ್ಪಕ್ಕೆ ಬಂತು, ಇದನ್ನು ಬರೆಯುತ್ತಿರುವ ವ್ಯಾಪಾರಿಯ ಅಂಗಡಿಗೇ. ಕೊಂಡವನ ಅಜ್ಜಿ ವಿರೂಪಮ್ಮ ಕಿಸೆ ತಿರುವಿ, ಪಕ್ಕದ ಮನೆಯವರಿಂದ ಓದಿಸಿದಳು: "ನೀಲಿ ನೀರಾಗ ಅದ್ದಿದ ಹೆಸರು, ನೀ ಎಷ್ಟು ತೊಳದರೂ ಹೋಗಂಗಿಲ್ಲ." ಮಾಟ ಎಂದು ತೀರ್ಮಾನವಾಗಲು ಅರ್ಧ ತಾಸೂ ಬೇಕಾಗಲಿಲ್ಲ. ಪ್ಯಾಂಟನ್ನು ಎರಡು ನಿಂಬೆಹಣ್ಣಿನ ಸಮೇತ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟು ಹೋದಳು. ವ್ಯಾಪಾರಿ ಮಾಟ ನಂಬುವವನಲ್ಲ; ಗಿರಾಕಿ ನಂಬಿದ್ದನ್ನು ನಂಬುವವನು. ಮಾಲು ವಾಪಸ್ ಕೊಡಲು ಇಡೀ ಬಂಡಲ್ ಕಟ್ಟಿಕೊಂಡು ಬಳ್ಳಾರಿ ಬಸ್ಸು ಹತ್ತಿದ.

ಯರ್ರಿಸ್ವಾಮಿ ಅವನಿಗೆ ಚಹಾ ತರಿಸಿ, ಯೂನಿಟ್ಟಿನ ಹನ್ನೆರಡು ಹೆಂಗಸರನ್ನು ಸಾಲಾಗಿ ನಿಲ್ಲಿಸಿದ. "ಒಬ್ಬೊಬ್ರ ಆ ಸಾಲು ಬರೀರಿ. ಯಾರ್ ಮಂತ್ರವಾದಿ ಅಂತ ಅಕ್ಷರಾನ ಹೇಳ್ತೈತಿ."

ನೀಲಾವತಿ ಬೆರಳಿನ ಮಸಿ ಕಾಣಬಾರದೆಂದು ಕೈಗೆ ಸೆರಗು ಸುತ್ತಿಕೊಂಡಳು. ಸರದಿ ಬಂದೇ ಬಂತು.

"ನಿಂದು ಹೆಬ್ಬೆಟ್ಟಲ್ಲೇನು? ಪಗಾರದ ಬುಕ್ಕಿಗೆ ಮಸಿ ಮೆತ್ತಾಕಿ. ಪೆನ್ನು ಯಾಕ ಕೆಡಿಸ್ತಿ? ಹೋಗು, ಕುಂದ್ರು."

ಪಾರಾದಳು. ತನ್ನ ಯಂತ್ರದ ಮುಂದೆ ಹೋಗಿ ಕುಳಿತಳು. ಉಳಿದ ಯಾರ ಅಕ್ಷರವೂ ಕಿಸೆಯ ಅಕ್ಷರಕ್ಕೆ ಹೊಂದಲಿಲ್ಲ. ಆದರೆ ಯರ್ರಿಸ್ವಾಮಿಗೆ ಒಬ್ಬ ಕಳ್ಳಿ ಬೇಕಿತ್ತು. ಸಾಲಿನಲ್ಲಿದ್ದ ಅಂಜನಾಳ ಕಡೆ ಬೆರಳು ಮಾಡಿದ. "ಮೆಟ್ರಿಕ್ ಪಾಸಾದಾಕಿ ನೀನೊಬ್ಬಾಕಿನ. ಅಕ್ಷರ ಬದಲ್ಸಿ ಬರದೀಯಿ."

"ನನ್ ಮಕ್ಳ ಆಣಿ ಅಣ್ಣ, ನಾ ಅಲ್ಲ!"

"ಆಣಿ ಮನ್ಯಾಗ ಇಟ್ಕ. ನಾಳಿಂದ ಬರಬ್ಯಾಡ."

ಅಂಜನಾ ಗೊಳೋ ಎಂದಳು. ನೀಲಾವತಿ ಯಂತ್ರ ಹಿಡಿದು ಎದ್ದಳು. "ಅಣ್ಣ... ಬರದಾಕಿ ನಾನು."

"ನೋಡಲೇ ಅಂಜನಾ, ನಿನ್ ಸಲುವಾಗಿ ಹೆಬ್ಬೆಟ್ಟು ಮಾತಾಡಾಕ ಹತ್ತೈತಿ!" ಎಂದು ಯರ್ರಿಸ್ವಾಮಿ ನಕ್ಕ.

ಅವಳು ಪೆನ್ನು ತೆಗೆದುಕೊಂಡು ಬರೆದಳು. ಸಾಲು ಡೊಂಕಾಯಿತು. ಅಕ್ಷರ ಮಾತ್ರ ಅವೇ, 'ಳ'ದ ಬಾಲ ಚೇಳಿನ ಕೊಂಡಿಯಂತೆ.

ಅವನ ನಗು ನಿಂತಿತು. "ಯಾರ್ ಕಲಿಸಿದ್ರು ನಿನಗ?"

"ನಮ್ ತಮ್ಮ."

"ಅವ ಸತ್ತು ಎರಡು ವರ್ಸ ಆತಲ್ಲ?"

"ಸತ್ತ ಮ್ಯಾಲೇ ಕಲ್ತೆ ಅಣ್ಣ. ಅವನ್ ಬುಕ್ಕು ನೋಡಿ ತಿದ್ದಿ ತಿದ್ದಿ."

ಯಂತ್ರಗಳೆಲ್ಲ ನಿಂತಿದ್ದವು. ಯರ್ರಿಸ್ವಾಮಿ ವ್ಯಾಪಾರಿಯ ಕಡೆ ತಿರುಗಿದ. "ಏನ್ ಮಾಡಾಣ್ರಿ ಸಾವ್ಕಾರ್ರೆ? ನೀವು ಹೆಂಗಂದ್ರ ಹಂಗ."

ನೀಲಾವತಿಯೂ ಅವನನ್ನೇ ನೋಡಿದಳು. ವ್ಯಾಪಾರಿ ಚಹಾ ಲೋಟದ ತಳ ನೋಡಿದ. ಚಹಾ ಯಾವಾಗಲೋ ಮುಗಿದಿತ್ತು. ಅವಳನ್ನು ಆ ಹೊತ್ತೇ ಕೆಲಸದಿಂದ ಬಿಡಿಸಿದರು.

ಈಗ ಅವಳು ಕುರುಗೋಡಿನಲ್ಲಿ ಕುಪ್ಪಸ ಹೊಲಿಯುತ್ತಾಳೆ. ಕುಪ್ಪಸಕ್ಕೆ ಕಿಸೆ ಇರುವುದಿಲ್ಲ. ಬಾಗಿಲಲ್ಲಿ ನೆರಳು ಬಿದ್ದರೆ ಇವತ್ತಿಗೂ ಕಾಲು ಪೆಡಲ್ ತಪ್ಪುತ್ತದೆ. ಇತ್ತ ಸಿರುಗುಪ್ಪದಲ್ಲಿ, ಆ ಸಾಲು ಯಾರದೆಂದು ವ್ಯಾಪಾರಿಯೇ ನಾಲ್ಕು ಜನರಿಗೆ ಹೇಳಿದ ಮೇಲೆ, ಮಾಟ ಹೋಗಿ ಫ್ಯಾಷನ್ ಆಯಿತು. ಕಾಲೇಜಿನವರು ಪ್ಯಾಂಟಿನ ಕಿಸೆ ತಿರುವಿ, "ಹುಲುಗೇಶಂದು ಐತೇನ್ರಿ?" ಎಂದು ಕೇಳುತ್ತಾರೆ. ಇಲ್ಲವೆಂದರೆ ಮುಂದಿನ ಅಂಗಡಿಗೆ ಹೋಗುತ್ತಾರೆ.

"ಮಾಲು ನನ್ ಕಡೇನ ಇರ್ಲಿ, ಆಕಿನ್ನ ಬಿಡಿಸಬ್ಯಾಡ್ರಿ" ಎಂಬ ಒಂದು ಮಾತು ಆವತ್ತು ಸಾಕಿತ್ತು. ಆ ಮಾತನ್ನು ಇದನ್ನು ಬರೆದವನು ನೀಲಾವತಿಗೆ ಇನ್ನೂ ಕೊಡಬೇಕು.