ಸೋಮವಾರದ ಫರಾಳ

ಹೋದ ಸೋಮವಾರ ಪಕ್ಕದ ಮನೆಯಿಂದ ತುಪ್ಪದಲ್ಲಿ ಜೀರಿಗೆ, ಹಸಿಮೆಣಸಿನಕಾಯಿ ಹುರಿಯುವ ವಾಸನೆ ಬಂತು. ಸಾಬೂದಾಣಿ, ಅಂದರೆ ಸಬ್ಬಕ್ಕಿಯ ಖಿಚಡಿ. ಮರಾಠಿ ಸೀಮೆಯ ನಮ್ಮ ನಿಲಂಗಾ ಕಡೆ ಅದಕ್ಕೆ ಫರಾಳ ಅನ್ನುತ್ತೇವೆ. ತಿಂದರೂ ಉಪವಾಸ ಮುರಿಯುವುದಿಲ್ಲ. ನಾನು ಅದನ್ನು ಮಾಡುವುದು ಬಿಟ್ಟು ಬಹಳ ವರ್ಷವಾಯಿತು... ಅಕ್ಕನಿಗೆ ಮಾಡಿಕೊಟ್ಟದ್ದೇ ಕೊನೆ.

ಭೂಕಂಪದಲ್ಲಿ ಶಾಲೆ ಬಿದ್ದ ಮೇಲೆ ನನ್ನ ಓದು ನಾಲ್ಕನೇ ಇಯತ್ತೆಗೆ ನಿಂತಿತು. ಅದರ ಮರುವರ್ಷ ಅಕ್ಕನನ್ನು ಕಾಸಾರಶಿರಸಿಯ ಕಿರಾಣಿ ಅಂಗಡಿಯವರ ಮನೆಗೆ ಕೊಟ್ಟರು. ಎಷ್ಟು ವರ್ಷವಾದರೂ ಮಕ್ಕಳಾಗಲಿಲ್ಲ. ಅಕ್ಕ ಸೋಮವಾರದ ಉಪವಾಸ ಹಿಡಿದಳು, ಊರೂರಿನ ಔಷಧ ತಗೊಂಡಳು. ಕಡೆಗೆ ಉದಗೀರಿನ ಒಂದು ಆಸ್ಪತ್ರೆಯಲ್ಲಿ, ಅಂಡ ಹೊರಗೆ ತೆಗೆದು ಬಸಿರು ಕೂಡಿಸುವ ಚಿಕಿತ್ಸೆಗೆ ಒಪ್ಪಿದಳು. ಜೊತೆಗೆ ನಾನು ಹೋದೆ.

ಅಂಡ ತೆಗೆಯುವ ಹಿಂದಿನ ದಿನ ನರ್ಸಬಾಯಿ ನನ್ನನ್ನು ಕರೆದು ಹೇಳಿದ್ದಳು. ನಿದ್ದೆಯ ಇಂಜೆಕ್ಷನ್ ಕೊಡುತ್ತಾರೆ, ನೋವು ಗೊತ್ತಾಗುವುದಿಲ್ಲ; ಆದರೆ ರಾತ್ರಿಯಿಂದ ಹೊಟ್ಟೆ ಖಾಲಿ ಇರಬೇಕು, ಬೆಳಿಗ್ಗೆ ನೀರೂ ಬೇಡ. ನಾನು ತಲೆ ಆಡಿಸಿದೆ.

ಮರುದಿನ ಸೋಮವಾರ. ನಾವು ಇಳಿದದ್ದು ಉದಗೀರಿನಲ್ಲೇ ಇದ್ದ ಚಿಗವ್ವನ ಮನೆಯಲ್ಲಿ. ಬೆಳಿಗ್ಗೆ ಎದ್ದಾಗಲೇ ಅಕ್ಕನ ಮುಖ ಬಾಡಿತ್ತು. ನೋಡಲಾಗದೆ ಖಿಚಡಿ ಮಾಡಿ ತಾಟು ಮುಂದಿಟ್ಟೆ.

“ಏನೂ ಬ್ಯಾಡ ಅಂದಾರಲ್ಲ?” ಎಂದಳು ಅಕ್ಕ.

“ಅನ್ನ ರೊಟ್ಟಿ ಬ್ಯಾಡ ಅಂದಾರ. ಇದು ಫರಾಳ, ಲೆಕ್ಕಕ್ಕಿಲ್ಲ.”

“ನೀ ಯಾವಾಗ ಡಾಕ್ಟರ್ ಆದಿ?”

“ನಾಕನೇ ಇಯತ್ತೆ ಪಾಸಾದಾಗ. ಸುಮ್ನ ತಿನ್ನು.”

ಅಕ್ಕ ನಕ್ಕು ತಿಂದಳು.

ನಿದ್ದೆಯ ಇಂಜೆಕ್ಷನ್ ಕೊಡುವ ಡಾಕ್ಟರು, ಏನಾದರೂ ತಿಂದಿದ್ದೀರಾ ಎಂದು ಕೇಳಿದಾಗ ಆಕೆ ಇದ್ದದ್ದು ಹೇಳಿಬಿಟ್ಟಳು. ಅವರು ಕೈ ಹಿಂದೆ ತೆಗೆದರು. ನಿದ್ದೆಯಲ್ಲಿ ತಿಂದದ್ದು ಮೇಲೆ ಬಂದು ಉಸಿರಿಗೆ ಸಿಕ್ಕರೆ ಜೀವಕ್ಕೇ ಅಪಾಯವಂತೆ. ಮುಂದೂಡುವಂತೆಯೂ ಇರಲಿಲ್ಲ; ವೇಳೆ ತಪ್ಪಿದರೆ ಅಂಡ ಕೈಗೆ ಸಿಗುವುದಿಲ್ಲ. ತಿನ್ನಲು ಕೊಟ್ಟವರು ಯಾರು ಎಂದು, ಅಂಡ ತೆಗೆಯಬೇಕಿದ್ದ ಡಾಕ್ಟರಬಾಯಿ ಸಿಟ್ಟಿನಿಂದ ಕೇಳಿದರು. ಅಕ್ಕ ನನ್ನ ಕಡೆ ನೋಡಿದಳು. ನಾನು ಬಾಗಿಲ ಕಡೆ ನೋಡಿದೆ.

“ಯಾರೂ ಕೊಟ್ಟಿಲ್ರಿ, ನಾನೇ ತಿಂದೀನ್ರಿ,” ಎಂದಳು ಅಕ್ಕ.

ಆ ಜಾಗವನ್ನಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಶುರು ಮಾಡಿದರು. ಕೈ ಹಿಡಿಯಲು ನನ್ನನ್ನು ಒಳಗೆ ಕರೆದರು. ನರ್ಸಬಾಯಿ ಅಕ್ಕನ ಹಣೆ ಸವರುತ್ತ, “ಉಸರು ಉದ್ದಕ ಬಿಡ್ರಿ ಅಕ್ಕಾ... ಹಾಂ, ಹಂಗ” ಅನ್ನುತ್ತಿದ್ದಳು. ಬಲಗಡೆಯ ಅಂಡ ತೆಗೆಯುವುದು ಹೇಗೋ ಮುಗಿಯಿತು. ಎಡಗಡೆಯ ನೋವು ಅಕ್ಕ ತಾಳಲಿಲ್ಲ. ಅಲುಗಿದರೆ ಸೂಜಿ ಬೇರೆಲ್ಲೋ ತಾಗುತ್ತದೆಂದು ಡಾಕ್ಟರಬಾಯಿ ಅಲ್ಲಿಗೇ ನಿಲ್ಲಿಸಿದರು. ಸಿಕ್ಕಷ್ಟರಿಂದ ಬಸಿರು ನಿಲ್ಲಲಿಲ್ಲ.

ಇನ್ನೊಮ್ಮೆ ಮಾಡೋಣ, ಈ ಸಲ ನೋವಾಗದ ಹಾಗೆ ನೋಡಿಕೊಳ್ಳುತ್ತೇವೆ ಎಂದು ಅವರು ಹೇಳಿದರು. ಅಕ್ಕ ಒಪ್ಪಲಿಲ್ಲ. “ಆ ಮಂಚದ ಮ್ಯಾಲ ಇನ್ನೊಮ್ಮಿ ಮಲಗೂದಿಲ್ಲ” ಎಂಬುದೊಂದೇ ಮಾತು. ಆಕೆಯ ಅತ್ತೆ ನನ್ನ ಎದುರಿಗೇ, “ಒಂದ್ ಹೊತ್ತು ಹೊಟ್ಟಿ ಕಟ್ಲಿಕ್ಕ ಆಗಲಿಲ್ಲ, ತಾಯಿ ಆಗ್ತಾಳಂತ” ಎಂದರು. ಅಕ್ಕ ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದಳು. ನಾನು ಉಳಿದ ಕಪ್ಪು ಎತ್ತಿಕೊಂಡು ಆಕೆಯ ಹಿಂದೆ ಹೋದೆ.

ಮುಂದೆ ಕೆಲವು ವರ್ಷಕ್ಕೆ ಅಕ್ಕ ಕಾಮಾಲೆಯಾಗಿ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಹತ್ತಿರವೇ ಕೂತಿದ್ದೆ, ತಪ್ಪಾಯಿತು ಎಂದು ಹೇಳಬೇಕು ಅಂದುಕೊಳ್ಳುತ್ತಲೇ ಇದ್ದೆ...

ಈಚೆಗೆ ನಮ್ಮ ಓಣಿಯ ಸೊಸೆಯೊಬ್ಬಳು ಅದೇ ಚಿಕಿತ್ಸೆಗೆ ಹೊರಟಳು. ಅಂಡ ತೆಗೆಯುವ ದಿನ ಏನೂ ಬಾಯಿಗೆ ಹಾಕಬೇಡ, ಫರಾಳವೂ ಬೇಡ ಎಂದೆ. ಯಾಕೆ ಎಂದು ಕೇಳಿದಳು. “ನಮ್ಮಕ್ಕ ತಿಂದು ಕೆಡಿಸಿಕೊಂಡಳವ್ವ,” ಎಂದೆ. ಅಕ್ಕ ನನ್ನನ್ನು ಉಳಿಸಲು ಹೇಳಿದ ಸುಳ್ಳನ್ನು ಆಕೆ ಇಲ್ಲದಾಗಲೂ ನಾನು ಹೇಳುತ್ತಿದ್ದೇನೆ.