ಗುರಿ ತಪ್ಪದ ಕ್ಷಿಪಣಿ

ನಮ್ಮವರಿಗೆ ಐವತ್ತು ತುಂಬಿದ ಮೇಲೆ ಯುದ್ಧವಿಮಾನದ ಹುಚ್ಚು ಹಿಡಿಯಿತು. ಸೂಲೂರಿನ ವಾಯುಪಡೆ ನೆಲೆಯ ಪಕ್ಕದಲ್ಲೇ ನಮ್ಮ ಮಗ್ಗದ ಶೆಡ್ಡು. ತಲೆಯ ಮೇಲೆ ನಿಜವಾದ ವಿಮಾನ ಗುಡುಗಿಕೊಂಡು ಹೋದರೂ ಕತ್ತೆತ್ತಿ ನೋಡದ ಮನುಷ್ಯ, ಕಂಪ್ಯೂಟರ್ ಆಟದೊಳಗಿನ ವಿಮಾನಕ್ಕಾಗಿ ಊಟ ಬಿಟ್ಟು ಕೂರುತ್ತಿದ್ದರು. ಎದುರಾಳಿ ಇನ್ನಾರೂ ಅಲ್ಲ, ಕಿಣತ್ತುಕಡವಿನಲ್ಲಿರುವ ಅವರ ಅಣ್ಣ, ನನ್ನ ಭಾವ.

ನಾನು ಬಯ್ಯುತ್ತಿರಲಿಲ್ಲ, ಅದಕ್ಕೆ ಕಾರಣವಿತ್ತು. ಮನೆಯ ಮಗ್ಗಗಳನ್ನು ಪಾಲು ಮಾಡಿಕೊಂಡಾಗ ಮಾತಿಗೆ ಮಾತು ಬೆಳೆದು, ಎರಡು ವರ್ಷದಿಂದ ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿದಿರಲಿಲ್ಲ. ಭಾನುವಾರ ಮಧ್ಯಾಹ್ನ ಹೆಡ್‌ಫೋನ್ ಸಿಕ್ಕಿಸಿಕೊಂಡು ಒಬ್ಬರನ್ನೊಬ್ಬರು ಹೊಡೆದುರುಳಿಸುವಾಗ ಮಾತ್ರ ಇಬ್ಬರ ಬಾಯಿ ಬಿಚ್ಚುತ್ತಿತ್ತು. ಆಕಾಶದಲ್ಲಿ ಸುತ್ತು ಹಾಕುತ್ತ ಹಾಕುತ್ತ ಅತ್ತೆಯ ಮಂಡಿನೋವು, ಈ ಸಲದ ನೂಲಿನ ಗುಣ, ಯಾರದೋ ಮದುವೆ, ಎಲ್ಲ ಬರುತ್ತಿತ್ತು. ಆ ದಾರಿಯೂ ಮುಚ್ಚಿದರೆ ಅಣ್ಣ ತಮ್ಮಂದಿರ ಸಂಬಂಧ ಮುಗಿದಂತೆಯೇ ಎಂಬ ಭಯ ನನಗೆ.

ಸೋಲುವುದು ಸದಾ ನಮ್ಮವರೇ. ಇವರು ಬಿಟ್ಟ ಕ್ಷಿಪಣಿ, ಭಾವ ಹಿಂದಕ್ಕೆ ಉದುರಿಸುವ ಬೆಂಕಿಯುಂಡೆಯನ್ನೇ ವಿಮಾನವೆಂದು ನಂಬಿ ಅದರ ಹಿಂದೆ ಹೋಗುತ್ತಿತ್ತು. ನಿಮ್ಮ ಕ್ಷಿಪಣಿಗೂ ನಿಮ್ಮದೇ ಬುದ್ಧಿ ಎಂದೆ. ಅದು ಚುಚ್ಚಿರಬೇಕು. ಎಲ್ಲೆಲ್ಲೋ ಹುಡುಕಿ ತಿಳಿದುಕೊಂಡು ಆಟದ ಫೈಲನ್ನೇ ಬಿಚ್ಚಿದರು. ಕ್ಷಿಪಣಿ ಎಷ್ಟು ಬೇಗ ತಿರುಗಬೇಕು, ಎಷ್ಟು ಹೊತ್ತು ಉರಿಯಬೇಕು, ಬೆಂಕಿಯುಂಡೆಗೆ ಎಷ್ಟು ಮರುಳಾಗಬೇಕು, ಎಲ್ಲಕ್ಕೂ ಅಲ್ಲೊಂದು ಅಂಕಿ. ತಮ್ಮದನ್ನು ಚುರುಕು ಮಾಡಿದರು. ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಅಣ್ಣನದನ್ನು ಮಂಕು ಮಾಡಬೇಕಲ್ಲ! ಆಟಕ್ಕೆ ಹೊಸದೇನೋ ಹಾಕಬೇಕೆಂದು ನೆಪ ಹೇಳಿ ಕಿಣತ್ತುಕಡವಿಗೆ ಹೊರಟೇಬಿಟ್ಟರು.

ದೀಪಾವಳಿಗೆ ಹೋಗದವರು ಮೋಸ ಮಾಡಲು ಹೋದರು. ಹೇಗೋ ಹೋದರಲ್ಲ ಎಂದು ನಾನು ತೆಪ್ಪಗಿದ್ದೆ. ಓರಗಿತ್ತಿ ಕೊಟ್ಟ ಕಾಫಿ ಕುಡಿದು, ಅರ್ಧ ಗಂಟೆ ಕಂಪ್ಯೂಟರಿನ ಮುಂದೆ ಕೂತು, ಆಗಲೇ ಗೆದ್ದವರ ಹಾಗೆ ಬೀಗುತ್ತ ವಾಪಸಾದರು.

ಭಾನುವಾರ ಇವರು ಕ್ಷಿಪಣಿ ಬಿಟ್ಟರು, ಅವರೂ ಬಿಟ್ಟರು. ನಾನು ಎರಡು ಲೋಟ ತೊಳೆದಿಡುವಷ್ಟರಲ್ಲಿ ಎರಡೂ ವಿಮಾನ ಬೂದಿ. ಮತ್ತೆ ಆಡಿದರು, ಮತ್ತೆ ಬೂದಿ. ಜೋಡಿ ಮಗ್ಗ ನೋಡಿಕೊಂಡೇ ಪಳಗಿದ ಕೈ ನೋಡಿ, ಒಂದಕ್ಕೆ ಇಟ್ಟ ಅಳತೆಯನ್ನೇ ಇನ್ನೊಂದಕ್ಕೂ ಇಡದಿದ್ದರೆ ಬಟ್ಟೆ ಕೆಡುತ್ತದೆ. ಅಣ್ಣನ ಮನೆಯಲ್ಲೂ ಆ ಕೈ ತನ್ನ ಚುರುಕಿನ ಅಂಕಿಗಳನ್ನೇ ಇಟ್ಟು ಬಂದಿತ್ತು. ಪಾಪ, ತಲೆಯಲ್ಲಿದ್ದ ಮೋಸ ಬೆರಳಿಗೆ ಇಳಿದಿರಲಿಲ್ಲ.

ನಕ್ಕೆ, ಆದರೆ ನಗು ಬೇಗ ಆರಿತು. ಸುತ್ತು ಹಾಕುವ ಹೊತ್ತೇ ಇಲ್ಲದ ಮೇಲೆ ಮಾತೆಲ್ಲಿ? ಐದು ನಿಮಿಷಕ್ಕೆ ಎಲ್ಲ ಮುಗಿದು, ಇಬ್ಬರೂ ಹೆಡ್‌ಫೋನ್ ಹಾಕಿಕೊಂಡು ಸುಮ್ಮನೆ ಕೂತಿದ್ದರು. ಮುಂದಿನ ಭಾನುವಾರವೂ ಅಷ್ಟೇ. ಅಣ್ಣನಿಗೆ ಫೋನ್ ಮಾಡಿ ನಿಜ ಹೇಳಿ, ಹಳೆಯ ಅಂಕಿಗಳನ್ನು ಅವರಿಗೆ ಓದಿ ಹೇಳಿ ಎಂದು ಜಗಳ ತೆಗೆದೆ. ಮುಖ ಸಣ್ಣದು ಮಾಡಿಕೊಂಡು ಫೋನ್ ಹಚ್ಚಿದರು. ಸ್ಪೀಕರ್ ಹಾಕಿಸಿದೆ. ಮಾಡಿದ್ದನ್ನೆಲ್ಲ ಒಪ್ಪಿಕೊಂಡರು.

ಭಾವ ಬಹಳ ಹೊತ್ತು ನಕ್ಕರು. ಆಮೇಲೆ, "ಫೋನಲ್ಲಿ ಹೇಳಿದ್ರೆ ನಂಗೆ ಅದೆಲ್ಲಾ ತಿಳಿಯಲ್ಲ ಡಾ, ನೀನೇ ಬಂದು ಸರಿ ಮಾಡು. ಅವಳನ್ನೂ ಕರ್ಕೊಂಡು ಬಾ, ಊಟ ಇಲ್ಲೇ," ಎಂದರು.

ನಮ್ಮವರು ಫೋನ್ ಕೆಳಗಿಟ್ಟರು. ಕಣ್ಣು ತುಂಬಿತ್ತು. ಭಾವ ಇಪ್ಪತ್ತು ವರ್ಷ ಗಿರಣಿಯೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಂಡವರು. ಇವರಿಗೆ ಮೌಸ್ ಹಿಡಿಯಲು ಕಲಿಸಿದ್ದೇ ಅವರು.