ಅರಿಶಿನ ಹಚ್ಚಿಸಿಕೊಂಡ ಡೆನ್ಮಾರ್ಕ್ ಕುರ್ಚಿ

ನನ್ನ ಗಂಡ ದುಂಡಪ್ಪ ಯಾರನ್ನೂ ಏನನ್ನೂ ಕೇಳುವ ಮನುಷ್ಯನಲ್ಲ. ಮದುವೆಯಾದ ಹೊಸದರಲ್ಲಿ ನಾನದನ್ನು ಧೈರ್ಯ ಅಂದುಕೊಂಡಿದ್ದೆ. ಬಾಗಲಕೋಟೆ ಬಿಟ್ಟು ಜರ್ಮನಿಗೆ ಬರುವುದನ್ನು ಅವರೇ ತೀರ್ಮಾನ ಮಾಡಿದರು, ಟಿಕೆಟ್ ತೆಗೆಸಿದ ಮೇಲೆ ನನಗೆ ಹೇಳಿದರು. ರೇಗನ್ಸ್‌ಬರ್ಗ್‌ನಲ್ಲಿ ಮನೆ ಹಿಡಿದದ್ದೂ ಹಾಗೆಯೇ. ಹೋಗಿ ನೋಡಿದರೆ ಅಡುಗೆಮನೆಯಲ್ಲಿ ಒಲೆಯಿಲ್ಲ, ಸಿಂಕಿಲ್ಲ, ಬರೀ ನಾಲ್ಕು ಗೋಡೆ. ಇಲ್ಲಿ ಬಾಡಿಗೆ ಮನೆಗಳು ಹಾಗೇ ಇರುತ್ತವಂತೆ, ಅಡುಗೆಮನೆಯನ್ನು ನಾವೇ ಹೊತ್ತು ತರಬೇಕಂತೆ. ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು. ತಿಂಗಳುಗಟ್ಟಲೆ ಬಚ್ಚಲಲ್ಲಿ ಪಾತ್ರೆ ತೊಳೆದವಳು ನಾನು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅನ್ನುವವರು ಆ ಬಚ್ಚಲನ್ನೊಮ್ಮೆ ನೋಡಬೇಕಿತ್ತು.

ಅವರು ಎಂಜಿನಿಯರು. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಸೀಟಿನ ಚೌಕಟ್ಟುಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುತ್ತಿದ್ದರು. ಕೆಲವು ವರ್ಷದ ಮೇಲೆ ಕಂಪನಿಯವರು ಆ ವಿಭಾಗವನ್ನೇ ಮುಚ್ಚಿಬಿಟ್ಟರು. ಇವರು ತಲೆ ಮೇಲೆ ಕೈ ಹೊತ್ತು ಮನೆಯಲ್ಲಿ ಕೂತರು. ನಾನು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದೆ. ಹೀಗಿರುವಾಗ ಒಂದು ದಿನ, ಜನ ಬೇಡದ ಸಾಮಾನನ್ನು ಬೀದಿಗೆ ಇಡುವ ಸ್ಪೆರ್‌ಮ್ಯುಲ್ ದಿನ, ಒಂದು ಮುರುಕು ತೋಳುಕುರ್ಚಿ ಹೊತ್ತುಕೊಂಡು ಬಂದರು.

"ಇದೇನ್ರಿ, ಮಂದಿ ಕಸಾ ಮನಿಗೆ ತಂದೀರಿ?" ಅಂದೆ.

"ಕಸಾ ಅಲ್ಲ ಮಧು. ಡೆನ್ಮಾರ್ಕಿಂದು. ನಮ್ಮಪ್ಪನ ವಯಸ್ಸು ಇದಕ್ಕ. ಎಲ್ಲಿ ಒಂದು ಮೊಳಿ ಐತಿ ತೋರಿಸು ನೋಡೋಣ."

ಹುಡುಕಿದೆ. ಇರಲಿಲ್ಲ.

ಅದಕ್ಕೆ ಅಂಟು ಕೊಳ್ಳಲು, ಅದನ್ನೇ ಹೊತ್ತುಕೊಂಡು ಹೊಳೆಯಾಚೆ ಫ್ರಾವ್ ಲಿಂಡ್ನರ್ ಅನ್ನುವವರ ವರ್ಕ್‌ಶಾಪಿಗೆ ಹೋದರು. ಆಕೆ ಎಪ್ಪತ್ತು ದಾಟಿದ ಹೆಂಗಸು, ಇಂಥ ಹಳೆಯ ಡೆನ್ಮಾರ್ಕ್, ಸ್ವೀಡನ್ ಕುರ್ಚಿಗಳನ್ನೇ ರಿಪೇರಿ ಮಾಡಿ ಬದುಕಿದವರು. ಇವರ ಕೈಯಲ್ಲಿದ್ದ ಕುರ್ಚಿಯನ್ನು ನೋಡಿದರು, ಇವರು ಅದನ್ನು ಹಿಡಿದುಕೊಂಡ ರೀತಿಯನ್ನೂ ನೋಡಿದರು. ಅಂಟಿನ ಜೊತೆಗೆ ಒಂದು ಏಪ್ರನ್ನೂ ಕೊಟ್ಟರು. ಇವರು ಅಲ್ಲೇ ಕೆಲಸಕ್ಕೆ ಉಳಿದುಬಿಟ್ಟರು.

ಆಮೇಲಿನ ವರ್ಷಗಳಲ್ಲಿ ನಮ್ಮ ಮನೆಗೆ ಬಂದವರ ಗತಿ ಯಾರಿಗೂ ಬೇಡ. ಚಹಾಕ್ಕೆ ಮೊದಲು ಕುರ್ಚಿ ಪುರಾಣ. ಹಿಂದಿನ ಕಾಲು ನೆಲದಿಂದ ಎದ್ದು ಹೇಗೆ ಬಾಗಿ ಬೆನ್ನಾಗುತ್ತದೆ, ತೋಳು ಮೊಣಕೈ ಇಡುವಲ್ಲಿ ಯಾಕೆ ಅಗಲ, ಬೆರಳು ತಲುಪುವಲ್ಲಿ ಯಾಕೆ ಸಣ್ಣ, ಕಾಗದದ ಹುರಿಯಿಂದ ಹೆಣೆದ ಆಸನ ಯಾಕೆ ಹಿಂದಕ್ಕೆ ಒಂದಿಷ್ಟು ಇಳಿದಿರುತ್ತದೆ. "ಕಾರಿನ ಸೀಟು ಮನಶ್ಯಾನ್ನ ಕಟ್ಟಿ ಹಾಕತೈತಿ. ಇದು ಹಂಗಲ್ಲ, ಏಳು ಅಂದ್ರ ಏಳಾಕ ಬಿಡತೈತಿ," ಅನ್ನುತ್ತಿದ್ದರು. ಮಗಳು ವಂದನಾ ಇಲ್ಲೇ ಬೆಳೆದವಳು, "ಪಾಪಾ, ಅದು ಬರೀ ಕುರ್ಚಿ," ಎಂದು ಜರ್ಮನ್‌ನಲ್ಲಿ ಅಂದು ಎದ್ದು ಹೋಗುತ್ತಿದ್ದಳು. ನಾನೂ ಗೇಲಿ ಮಾಡುತ್ತಿದ್ದೆ. ಆದರೆ ಒಂದು ಮಾತು ಹೇಳಲೇಬೇಕು: ಅಷ್ಟು ಸಂತೋಷವಾಗಿ ಆ ಮನುಷ್ಯ ಕೆಲಸಕ್ಕೆ ಹೋದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಫ್ರಾವ್ ಲಿಂಡ್ನರ್‌ಗೆ ಮಕ್ಕಳಿಲ್ಲ, ಮೊಣಕಾಲು ಹೋಗಿತ್ತು. ಕಳೆದ ಬೇಸಿಗೆಯಲ್ಲಿ ಅವರೇ ಹೇಳಿದರು: ಹೊಸ ವರ್ಷಕ್ಕೆ ವರ್ಕ್‌ಶಾಪ್ ನಿನಗೇ ಬಿಡುತ್ತೇನೆ, ಬೋರ್ಡಿನ ಮೇಲೆ ನಿನ್ನ ಹೆಸರು ಬರಲಿ. ಅದಕ್ಕೆ ಮೊದಲು ನನ್ನ ತಾಯಿಯ ಕುರ್ಚಿಯೊಂದನ್ನು ಸರಿಮಾಡಿಕೊಡು.

ಅದೂ ಡೆನ್ಮಾರ್ಕಿನದೇ, ಬಿಳಿ ಓಕ್ ಮರದ ಕುರ್ಚಿ. ಆ ಕಡೆಯವರು ಓಕ್‌ಗೆ ಎಷ್ಟೋ ಸಲ ಎಣ್ಣೆ, ವಾರ್ನಿಶ್ ಏನೂ ಹಚ್ಚುವುದಿಲ್ಲ. ಸಾಬೂನಿನ ನೀರು ಕುಡಿಸುತ್ತಾರೆ. ಮರ ಬೆಳ್ಳಗೆ ಮೃದುವಾಗಿ ಉಳಿಯುತ್ತದೆ. ಆ ತಾಯಿ ಕೊನೆಯ ವರ್ಷಗಳನ್ನೆಲ್ಲ ಕಿಟಕಿಯ ಬಳಿ ಅದರಲ್ಲೇ ಕೂತು ಕಳೆದವಳು. ಬಲತೋಳಿನ ತುದಿಯನ್ನು ಹೆಬ್ಬೆರಳಿನಿಂದ ಸವರುತ್ತ ಸವರುತ್ತ ಅಲ್ಲೊಂದು ಸಣ್ಣ ತಗ್ಗು ಬಿದ್ದಿತ್ತು. "ತೊಳೆ, ಹೆಣಿಗೆ ಹೊಸದು ಹಾಕು. ಆದರೆ ಮರವನ್ನು ಕೆರೆಯಬೇಡ," ಅಂದಿದ್ದರು ಲಿಂಡ್ನರ್. ಇವರು ಹೆಣೆದರು, ತೊಳೆದರು, ಸಾಬೂನು ಕುಡಿಸಿದರು. ಕೆಲಸ ಮುಗಿದ ಮರುದಿನವೇ ಮಹಾನವಮಿ.

ನಮ್ಮ ಕಡೆ ಅವತ್ತು ಖಂಡೇ ಪೂಜೆ. ದುಡಿಯುವ ಸಾಮಾನನ್ನೆಲ್ಲ ತೊಳೆದು, ವಿಭೂತಿ ಎಳೆದು, ಅರಿಶಿನ ಕುಂಕುಮ ಹಚ್ಚುತ್ತೇವೆ. ಪ್ರತಿ ವರ್ಷ ಇವರು ವರ್ಕ್‌ಶಾಪಿನ ಮೂಲೆಯಲ್ಲಿ ಉಳಿ, ಕರಗಸಗಳಿಗೆ ಪೂಜೆ ಮಾಡುತ್ತಿದ್ದರು, ಲಿಂಡ್ನರ್ ನಗುತ್ತ ಸಕ್ಕರೆ ಇಸಿದುಕೊಳ್ಳುತ್ತಿದ್ದರು. ಈ ಸಲ ನನಗೆ ಬೆಳಗಿನ ಪಾಳಿ. ಇವರು ಬಿಳೀ ಅಂಗಿ ಹಾಕಿಕೊಂಡು ಒಬ್ಬರೇ ಹೋದರು. ಅನ್ನ ಕೊಡುವ ಕುರ್ಚಿ ಇದು, ಇದನ್ನು ಹೇಗೆ ಬಿಡುವುದು ಅನ್ನಿಸಿತಂತೆ. ಅರಿಶಿನ ಕಲಸಿ, ಎರಡು ತೋಳಿಗೂ ಮದುಮಗನಿಗೆ ಹಚ್ಚಿದ ಹಾಗೆ ಬಳಿದರು. ಉಳಿದ ಸಾಮಾನಿಗೆ ಪೂಜೆ ಮಾಡಿ ತಿರುಗಿ ನೋಡಿದರೆ ಮರ ರಕ್ತದ ಬಣ್ಣಕ್ಕೆ ತಿರುಗಿತ್ತು.

ಸಾಬೂನಿನ ನೀರಿನಲ್ಲಿ ಒರೆಸಿದರು. ಇನ್ನೂ ಕೆಂಪಾಗಿ ಹರಡಿತು. ಮತ್ತೆ ಒರೆಸಿದರು. ಲಿಂಡ್ನರ್ ಮಧ್ಯಾಹ್ನ ಬರುವವರಿದ್ದರು. ಫೋನು ಜೇಬಿನಲ್ಲೇ ಇತ್ತು. ನನ್ನ ನಂಬರು ಅದರಲ್ಲಿತ್ತು. ಅವರು ಸ್ಯಾಂಡ್‌ಪೇಪರ್ ಕೈಗೆತ್ತಿಕೊಂಡರು.

ಲಿಂಡ್ನರ್ ಬಂದಾಗ ಎರಡೂ ತೋಳು ಅಂಗಡಿಯಿಂದ ತಂದಷ್ಟು ಹೊಸದಾಗಿದ್ದವು. ಆಕೆ ಕಣ್ಣಿನಿಂದ ನೋಡಲಿಲ್ಲವಂತೆ. ಕೂತು, ಬಲಗೈ ಹೆಬ್ಬೆರಳನ್ನು ತೋಳಿನ ತುದಿಗೆ ಇಟ್ಟರಂತೆ. ಬೆರಳು ಅಲ್ಲಿ ಇಲ್ಲಿ ಹುಡುಕಿತಂತೆ. ಇವರು ನಿಜವನ್ನೇ ಹೇಳಿದರು. ಸುಳ್ಳು ಹೇಳುವ ಜಾತಿಯಲ್ಲ ಅವರದು.

"ಕಲೆ ಆಗಿದ್ದರೆ ಆಗಿರಲಿ. ನೀನು ಪೂಜೆ ಮಾಡಿದ ಗುರುತು ಅಂತ ಇಟ್ಟುಕೊಳ್ಳುತ್ತಿದ್ದೆ," ಅಂದರಂತೆ ಲಿಂಡ್ನರ್. "ನನ್ನ ತಾಯಿಯದು ಅಂತ ಉಳಿದಿದ್ದು ಆ ತಗ್ಗು ಅಷ್ಟೇ. ಒಂದು ಫೋನ್ ಮಾಡಿ ಕೇಳಬಾರದಿತ್ತೇ?"

ಕೂಗಾಡಲಿಲ್ಲ, ಬೈಯಲಿಲ್ಲ. ಬೀಗದ ಕೈ ವಾಪಸು ಕೇಳಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗಾಯಿತು.

ನಾನು ಪಾಳಿ ಮುಗಿಸಿ ಬಂದಾಗ ಇವರು ಅಡುಗೆಮನೆಯ ಸ್ಟೂಲಿನ ಮೇಲೆ ಕೂತಿದ್ದರು. ಎಲ್ಲ ಹೇಳಿದರು. ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು.

"ಅರಿಶಿಣಕ್ಕ ಸಾಬಾಣ ಹತ್ತಿದ್ರ ಕೆಂಪ ಆಗತೈತ್ರಿ. ಬಿಸಲಿಗೆ ಇಟ್ಟಿದ್ರ ತಾನ ಹೋಗತಿತ್ತು," ಅಂದೆ.

"ಖರೇನ?"

ಹುಟ್ಟಿದಾಗಿನಿಂದ ಒಂದು ಬನಿಯನ್ ಒಗೆದವರಲ್ಲ, ಅವರಿಗೇನು ಗೊತ್ತು? ಮೊದಲು ಅವ್ವ ಒಗೆದಳು, ಆಮೇಲೆ ನಾನು. ಬಿಳೀ ಸೀರೆಗೆ ಅರಿಶಿನ ಬಿದ್ದರೆ ಏನಾಗುತ್ತದೆ ಅಂತ ನಮ್ಮ ಓಣಿಯ ಯಾವ ಹೆಣ್ಣುಮಗಳನ್ನು ಕೇಳಿದರೂ ಹೇಳುತ್ತಿದ್ದಳು. ಮಾತಿನಲ್ಲಿ ತಿಳಿಸುವ ತಾಳ್ಮೆ ನನಗಿರಲಿಲ್ಲ. ಅವರು ಹಾಕಿಕೊಂಡಿದ್ದ ಅಂಗಿಯನ್ನೇ ಬಿಚ್ಚಿಸಿ, ಅರಿಶಿನ ಹತ್ತಿದ್ದ ತೋಳಿನ ಪಟ್ಟಿಗೆ ಅವರ ಕಣ್ಣೆದುರೇ ಸಾಬೂನು ತಿಕ್ಕಿದೆ. ಕೆಂಪಾಯಿತು. ಬಾಲ್ಕನಿಯಲ್ಲಿ ಹರವಿದೆ. ಅಕ್ಟೋಬರಿನ ಇಲ್ಲಿಯ ಬಿಸಿಲಿಗೆ ಏನು ಬಲ, ಮಂಜಿನ ಹಿಂದೆ ಹಣಕಿ ಹೋಗುತ್ತದೆ ಅಷ್ಟೇ. ಆದರೂ ವಾರ ಕಳೆಯುವುದರೊಳಗೆ ಪಟ್ಟಿ ಬೆಳ್ಳಗಾಯಿತು. ಅವರು ಅದನ್ನು ಕೈಯಲ್ಲಿ ಹಿಡಿದುಕೊಂಡು ಬಾಲ್ಕನಿಯಲ್ಲೇ ನಿಂತಿದ್ದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ವರ್ಕ್‌ಶಾಪನ್ನು ಲಿಂಡ್ನರ್ ಈಗ ಯಾರಿಗೋ ಮಾರಿದ್ದಾರೆ. ಅಲ್ಲಿ ಸೈಕಲ್ ಅಂಗಡಿ ಬಂದಿದೆ. ಇವರು ಊರ ಹೊರಗಿನ ಗೋದಾಮಿನಲ್ಲಿ ಪಾರ್ಸೆಲ್ ವಿಂಗಡಿಸುತ್ತಾರೆ. ಕುರ್ಚಿಯ ಮಾತು ಎತ್ತುವುದಿಲ್ಲ. ಬಂದವರು ಚಹಾ ಕುಡಿದು ಹೋಗುತ್ತಾರೆ.

ಈಗ ಎಲ್ಲವನ್ನೂ ಕೇಳುತ್ತಾರೆ. ಯಾವ ಅಂಗಿ ಹಾಕಲಿ, ಯಾವ ಬಸ್ಸಿಗೆ ಹೋಗಲಿ, ಕಿಟಕಿ ತೆಗೆಯಲೇ, ಮುಚ್ಚಲೇ. ಕೇಳಿ, ನಾನು ಹೇಳುವತನಕ ಕೈ ಕಟ್ಟಿಕೊಂಡು ನಿಲ್ಲುತ್ತಾರೆ. ಇಷ್ಟು ವರ್ಷ ಒಂದು ಮಾತು ಕೇಳಲಿ ಅಂತ ಹೊಟ್ಟೆ ಉರಿದುಕೊಂಡವಳು ನಾನು. ಈಗ ಅವರು ಬಾಯಿ ತೆರೆದರೆ ನನಗೆ ಎದ್ದು ಓಡಿಹೋಗೋಣ ಅನ್ನಿಸುತ್ತದೆ. ಟಿಕೆಟ್ ತೆಗೆಸಿ ಆಮೇಲೆ ಹೇಳುತ್ತಿದ್ದ ಆ ಮೊಂಡ ಮನುಷ್ಯನೇ ನನಗೆ ಬೇಕು.

ನಿನ್ನೆ ಮಧ್ಯಾಹ್ನ ಗೋದಾಮಿನಿಂದ ಫೋನ್ ಮಾಡಿದ್ದರು.

"ಮಧು, ಬಿಡುವು ಕೊಟ್ಟಾರ. ಡಬ್ಬಿ ಬಿಚ್ಚಲೇನು?"

ನಾನು ಆಶ್ರಮದ ಅಡುಗೆಮನೆಯಲ್ಲಿ, ಕೈಯಲ್ಲಿ ಸೌಟು ಹಿಡಿದುಕೊಂಡು ನಿಂತಿದ್ದೆ.

"ಬಿಚ್ರಿ. ಉಣ್ರಿ," ಅಂದೆ.

"ಮೊದಲು ರೊಟ್ಟಿ ಉಣ್ಣಲೋ, ಅನ್ನ ಉಣ್ಣಲೋ?" ಅಂದರು.